ಕಲಾಗುರು ಜಾನ್ ರಸ್ಕಿನ್

ವಿದ್ಯೆಯು ಮನುಷ್ಯನನ್ನು ಮನುಷ್ಯನ ಸಮೀಪಕ್ಕೆ ತರಬೇಕು. ಆದರೆ ಎಷ್ಟೋ ವೇಳೆ ಅದೇ ವಿದ್ಯೆಯು ಮೇಲು ಕೀಳುಗಳ ನಡುವೆ ಗೋಡೆಯಾಗಿ ನಿಲ್ಲುವುದುಂಟು. ಕಲಾವಿದ್ಯೆಯ ವಿಷಯದಲ್ಲಂತೂ ಈ ಮಾತು ಹೆಚ್ಚು ನಿಜ. ಸಿರಿವಂತರ ಮಕ್ಕಳು ಎಳವೆಯಲ್ಲಿ ಕಲಿತ ಕಲಾಭಿರುಚಿಯನ್ನು ಲೋಕವು ಅವರ ಹುಟ್ಟುಗುಣವೆಂದೇ ಬಗೆದು ಮನ್ನಿಸುತ್ತದೆ. ಕಲಿಯುವ ಅವಕಾಶವೇ ದೊರೆಯದ ಬಡವನನ್ನು ಅರಸಿಕನೆಂದು ಹಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಗೋಡೆಯ ಒಳಗಡೆಯೇ ಬೆಳೆದು, ಅದರಲ್ಲಿ ಬಾಗಿಲನ್ನು ತೆರೆಯಲು ಹೆಣಗಿದವನು ಜಾನ್ ರಸ್ಕಿನ್.

ರಸ್ಕಿನ್ನನು 1819ನೆಯ ಇಸವಿ ಫೆಬ್ರವರಿ 8ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಜಾನ್ ಜೇಮ್ಸನು ದ್ರಾಕ್ಷಾಮದ್ಯದ ದೊಡ್ಡ ವರ್ತಕ. ತಾಯಿ ಮಾರ್ಗರೆಟ್ ಕಟ್ಟುನಿಟ್ಟಿನ ದೈವಭಕ್ತೆ. ಅವರಿಗೆ ಇವನೊಬ್ಬನೇ ಮಗ. ತಾಯಿಯು ನಿತ್ಯವೂ ಬೈಬಲ್ಲನ್ನು ಓದಿಸಿದಳು. ತಂದೆಯು ಹೆಸರಾಂತ ಚಿತ್ರಗಾರರಿಂದ ಪಾಠ ಹೇಳಿಸಿದನು. 1833ರಲ್ಲಿ ಮನೆಯವರೆಲ್ಲರೂ ಯುರೋಪಿನ ಪ್ರವಾಸ ಕೈಗೊಂಡಾಗ ಬಾಲಕನು ಆಲ್ಪ್ಸ್ ಪರ್ವತಗಳನ್ನು ಕಣ್ಣಾರೆ ಕಂಡನು. 1837ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದನು. ಅಲ್ಲಿ ಕುಲೀನರ ಮತ್ತು ಧನಿಕರ ಮಕ್ಕಳಿಗೆ ಪ್ರತ್ಯೇಕ ಅಂತಸ್ತಿದ್ದಿತು. ಅವರ ಉಡುಪು ಬೇರೆ, ತೆರುವ ಶುಲ್ಕವೂ ಹೆಚ್ಚು. ವರ್ತಕನ ಮಗನಿಗೆ ಆ ಅಂತಸ್ತು ಹಣದಿಂದ ದೊರೆಯಿತು. 1843ರಲ್ಲಿ ಆಧುನಿಕ ಚಿತ್ರಗಾರರನ್ನು ಕುರಿತ ಅವನ ಮೊದಲ ಸಂಪುಟವು ಹೊರಬಂದಾಗ ಅದರ ಮೇಲೆ ಅವನ ಹೆಸರಿರಲಿಲ್ಲ; ಆಕ್ಸ್‌ಫರ್ಡಿನ ಪದವೀಧರನೆಂದಷ್ಟೇ ಇದ್ದಿತು. ಆ ವಿದ್ಯಾಪೀಠದ ಹೆಸರೊಂದೇ ಸಾಕಾದ ಯೋಗ್ಯತಾಪತ್ರವಾಗಿದ್ದ ಕಾಲವದು.

ಆಗಿನ ಇಂಗ್ಲೆಂಡಿನಲ್ಲಿ ಚಿತ್ರವಿದ್ಯೆಯು ಎರಡು ಕವಲಾಗಿದ್ದಿತು. ಸಿರಿವಂತರಿಗೆ ಅದು ಸಭೆಯಲ್ಲಿ ಮೆರೆಯುವ ಒಡವೆ. ಕುಶಲಕರ್ಮಿಗಳಿಗಾಗಿ 1837ರಿಂದ ಸರಕಾರವು ನಡೆಸಿದ ಶಾಲೆಗಳಲ್ಲಿ ಅದು ಕಾರ್ಖಾನೆಯ ಸರಕನ್ನು ಅಂದಗೊಳಿಸುವ ಉಪಾಯ. ಸವಿಯುವ ಕಣ್ಣು ಒಬ್ಬನಿಗೆ, ದುಡಿಯುವ ಕೈ ಇನ್ನೊಬ್ಬನಿಗೆ ಎಂಬುದೇ ಇದರ ತಿರುಳು. ರಸ್ಕಿನ್ನನಿಗೆ ಈ ಎರಡೂ ಸೇರಲಿಲ್ಲ. ವೆನಿಸ್ ನಗರದ ಶಿಲ್ಪವನ್ನು ಕುರಿತು 1851ರಿಂದ 1853ರವರೆಗೆ ಬರೆದ ಗ್ರಂಥದಲ್ಲಿ, ಕೆಲಸದಿಂದ ವಿಚಾರವನ್ನು ಬೇರ್ಪಡಿಸಿದರೆ ಕೆಲಸಗಾರನು ಯಂತ್ರವಾಗುವನೆಂದೂ ವಿಚಾರವಂತನು ನಿಸ್ಸತ್ವನಾಗುವನೆಂದೂ ಸಾರಿದನು. ಕಾಯಕದ ಹಿರಿಮೆಯನ್ನು ಬಲ್ಲವರಿಗೆ ಈ ವಿಚಾರವು ಹೊಸದೆನಿಸದು.

ಬರೆದುದನ್ನು ಆಚರಿಸುವ ಸಂದರ್ಭವೂ ಬೇಗನೆ ಒದಗಿತು. 1854ರಲ್ಲಿ ಎಫ್. ಡಿ. ಮಾರಿಸನು ಲಂಡನ್ನಿನಲ್ಲಿ ಶ್ರಮಜೀವಿಗಳ ಕಾಲೇಜನ್ನು ತೆರೆದನು. ಹಗಲೆಲ್ಲ ದುಡಿದು ಸಂಜೆ ಬರುತ್ತಿದ್ದ ಬಡಗಿಗಳಿಗೂ ಇತರ ಕೆಲಸಗಾರರಿಗೂ ರಸ್ಕಿನ್ನನು ಅಲ್ಲಿ ಚಿತ್ರ ಬರೆಯಲು ಕಲಿಸಿದನು. ಒಂದು ಎಲೆ, ಒಂದು ಕಲ್ಲು, ಹಕ್ಕಿಯ ಒಂದು ಗರಿ, ಇವೇ ಅವನ ಪಾಠದ ವಸ್ತುಗಳು. ಕೈಗಿಂತ ಮೊದಲು ಕಣ್ಣು ಪಳಗಬೇಕೆಂಬುದು ಅವನ ಮತ. ಅವನಲ್ಲಿ ಕಲಿತ ಜಾರ್ಜ್ ಅಲೆನ್ ಎಂಬ ಬಡಗಿಯು ಕೆತ್ತನೆಗಾರನಾಗಿ, ಮುಂದೆ ಗುರುವಿನ ಗ್ರಂಥಗಳ ಪ್ರಕಾಶಕನೇ ಆದನು.

ಆದರೂ ಗುರುವಿನ ದೃಷ್ಟಿಗೆ ಒಂದು ಎಲ್ಲೆಯಿದ್ದಿತು. ಬಡಗಿಯನ್ನು ಚಿತ್ರಗಾರನನ್ನಾಗಿಸುವುದಲ್ಲ, ಬಡಗಿಯಾಗಿಯೇ ಹೆಚ್ಚು ಸುಖಿಯಾಗಿಸುವುದು ತನ್ನ ಗುರಿಯೆಂದು 1857ರಲ್ಲಿ ಸರಕಾರದ ಆಯೋಗವೊಂದರ ಮುಂದೆ ಅವನು ಹೇಳಿದನು. ಇದರಲ್ಲಿ ದುಡಿಮೆಯ ಗೌರವವೂ ಇದೆ. ಅವರವರು ಅವರವರ ಅಂತಸ್ತಿನಲ್ಲಿಯೇ ಇರಲೆಂಬ ಹಳೆಯ ಭಾವನೆಯೂ ಇದೆ. ಅಲೆನ್ನನ ಬಾಳು ಗುರುವಿನ ಮಾತನ್ನು ಮೀರಿ ಬೆಳೆಯಿತು.

ವಿಚಾರವು ಮಾಗಿದಂತೆ ರಸ್ಕಿನ್ನನ ನೋಟವು ಕಲೆಯಿಂದ ಸಂಪತ್ತಿನ ಕಡೆಗೆ ಹೊರಳಿತು. ಹಸಿದವನ ಮುಂದೆ ಸೌಂದರ್ಯದ ಉಪದೇಶವು ವ್ಯರ್ಥವೆಂದು ಅವನಿಗೆ ಮನವರಿಕೆಯಾಯಿತು. 1860ರಲ್ಲಿ ಅರ್ಥಶಾಸ್ತ್ರವನ್ನು ಕುರಿತು ಬರೆದ ಲೇಖನಗಳಿಗೆ ಎದ್ದ ವಿರೋಧದಿಂದ ಪತ್ರಿಕೆಯು ಅವುಗಳನ್ನು ನಾಲ್ಕಕ್ಕೇ ನಿಲ್ಲಿಸಿತು. 1862ರಲ್ಲಿ ಪುಸ್ತಕವಾದ ಆ ನಾಲ್ಕು ಲೇಖನಗಳೇ 1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರ ಕೈಸೇರಿ ಅವರ ಬಾಳನ್ನು ಮಾರ್ಪಡಿಸಿದವು.

1870ರಲ್ಲಿ ರಸ್ಕಿನ್ನನು ಆಕ್ಸ್‌ಫರ್ಡಿನಲ್ಲಿ ಕಲಾಪ್ರಾಧ್ಯಾಪಕನಾಗಿ ಉಪನ್ಯಾಸಗಳನ್ನು ಆರಂಭಿಸಿದನು. ಮರುವರ್ಷ ಅಲ್ಲಿ ಚಿತ್ರಶಾಲೆಯನ್ನು ತೆರೆದನು. ಶ್ರೀಮಂತ ತರುಣರು ಕಲೆಯ ಮಾತುಗಳನ್ನು ಕಲಿತು ಹೋದರೆ ಅದು ಅವರ ಹಿರಿಮೆಗೆ ಇನ್ನೊಂದು ಗರಿಯಾದೀತೇ ಹೊರತು ಬೇರೇನೂ ಅಲ್ಲವೆಂಬುದನ್ನು ಅವನು ಅರಿತಿದ್ದನು. ಆದುದರಿಂದ 1874ರಲ್ಲಿ ಅವರ ಕೈಗೆ ಗುದ್ದಲಿ ಸಲಿಕೆಗಳನ್ನು ಕೊಟ್ಟು, ಹಿಂಕ್ಸೀ ಎಂಬ ಹಳ್ಳಿಯ ರಸ್ತೆಯನ್ನು ಮಾಡಹಚ್ಚಿದನು. ರಸ್ತೆಯು ಚೆನ್ನಾಗಿ ಆಗಲಿಲ್ಲ; ನೋಡಿದವರು ನಕ್ಕರು. ಆದರೆ ಅಂದು ಬೆವರು ಸುರಿಸಿದವರಲ್ಲಿ ಒಬ್ಬನಾದ ಆರ್ನಾಲ್ಡ್ ಟಾಯ್ನಬೀ ಮುಂದೆ ಬಡವರ ಸೇವೆಗೆ ತನ್ನನ್ನು ಒಪ್ಪಿಸಿಕೊಂಡನು. 1875ರಲ್ಲಿ ರಸ್ಕಿನ್ನನು ಕಬ್ಬಿಣದ ಕೆಲಸಕ್ಕೆ ಹೆಸರಾದ ಶೆಫೀಲ್ಡ್ ನಗರದ ಅಂಚಿನಲ್ಲಿ, ಕಾರ್ಮಿಕರಿಗಾಗಿ ಚಿತ್ರಗಳೂ ಖನಿಜಗಳೂ ಗ್ರಂಥಗಳೂ ಇದ್ದ ಸಂಗ್ರಹಾಲಯವನ್ನು ಸ್ಥಾಪಿಸಿದನು. ದುಡಿಯುವವರಿಗೆ ಬಿಡುವಿರುವ ಸಂಜೆಗಳಲ್ಲಿಯೂ ಭಾನುವಾರಗಳಲ್ಲಿಯೂ ಅದರ ಬಾಗಿಲು ತೆರೆದಿರುತ್ತಿದ್ದಿತು. ತಂದೆಯು 1864ರಲ್ಲಿ ತೀರಿಕೊಂಡಾಗ ಬಂದ ಒಂದು ಲಕ್ಷ ಪೌಂಡಿಗೂ ಮಿಕ್ಕ ಆಸ್ತಿಯ ಬಹುಭಾಗವು ಇಂತಹ ಕಾರ್ಯಗಳಲ್ಲಿಯೂ ದಾನದಲ್ಲಿಯೂ ಕರಗಿತು.

ಕೊನೆಯ ವರುಷಗಳಲ್ಲಿ ಮನೋವ್ಯಾಧಿಯು ಅವನನ್ನು ಮೌನಕ್ಕೆ ತಳ್ಳಿತು. 1900ನೆಯ ಇಸವಿ ಜನವರಿ 20ರಂದು ಕಾನಿಸ್ಟನ್ ಸರೋವರದ ದಡದ ಮನೆಯಲ್ಲಿ ಅವನು ದೇಹವಿಟ್ಟನು.

ಹುಟ್ಟಿನಿಂದ ಬಂದ ಮೇಲ್ಮೆಯ ಭಾವವನ್ನು ರಸ್ಕಿನ್ನನು ಪೂರ್ಣವಾಗಿ ನೀಗಿಕೊಳ್ಳಲಿಲ್ಲ. ಆದರೆ ತನಗೆ ದೊರೆತ ಕಲೆಯು ತನ್ನ ಗುಣಕ್ಕೆ ಸಂದ ಬಹುಮಾನವಲ್ಲ, ಇತರರಿಗೆ ತೀರಿಸಬೇಕಾದ ಋಣವೆಂದು ತಿಳಿದು ನಡೆದನು. ಕಲೆಯನ್ನು ಕಲಿಸುವ ಶಾಲೆಯು ಎಷ್ಟು ಚೆಲುವಾಗಿದೆಯೆಂಬುದಕ್ಕಿಂತ, ಅದರ ಬಾಗಿಲು ಯಾರಿಗೆ ತೆರೆದಿದೆಯೆಂಬುದೇ ಅದರ ನಿಜವಾದ ಪರೀಕ್ಷೆ.