ಕೊಚ್ಚಿಯ ಯೆಹೂದಿ ಗಾಂಧಿ ಎ. ಬಿ. ಸಾಲೇಂ

ಪಂಕ್ತಿಭೇದದ ನೋವು ಎಂತಹುದೆಂಬುದನ್ನು ಹೋಟೆಲ್ ಕೆಲಸದಲ್ಲಿರುವ ನಮ್ಮ ಬಾಂಧವರಿಗೆ ನಾವು ವಿವರಿಸಬೇಕಾಗಿಲ್ಲ. ಕೊಚ್ಚಿಯ ಎ. ಬಿ. ಸಾಲೇಮರು ಅದನ್ನು ಉಂಡುದು ದೇವರ ಮನೆಯಲ್ಲಿಯೇ.

1882ರಲ್ಲಿ ಜನಿಸಿದ ಇವರು, ಯೆಹೂದ್ಯರ ಮನೆಗಳಲ್ಲಿ ದಾಸರಾಗಿದ್ದು ಬಿಡುಗಡೆ ಹೊಂದಿದವರ ವಂಶಜರು. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಲ್ಪಟ್ಟ ಪರದೇಶಿ ಸಿನೆಗಾಗ್‌ನಲ್ಲಿ ಈ ಜನರಿಗೆ ಬಿಳಿಯ ಯೆಹೂದ್ಯರೊಡನೆ ಸಮಾನ ಆಸನವಿರಲಿಲ್ಲ. ಧರ್ಮಗ್ರಂಥವನ್ನೋದುವ ಅಧಿಕಾರವೂ ಇರಲಿಲ್ಲ. ಮದರಾಸಿನಲ್ಲಿ ಕಾನೂನು ಕಲಿತು, ಕೊಚ್ಚಿ ಯೆಹೂದ್ಯರಲ್ಲಿ ಮೊದಲ ವಕೀಲರೆನಿಸಿ ಎರ್ನಾಕುಳಂನಲ್ಲಿ ವೃತ್ತಿ ಹಿಡಿದ ಮೇಲೂ ಆ ಕಟ್ಟಳೆ ಸಡಿಲಲಿಲ್ಲ.

ಅವಮಾನಿತನು ದೇವರನ್ನೇ ತೊರೆಯುವುದುಂಟು. ಸಾಲೇಮರು ತೊರೆಯಲಿಲ್ಲ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ವರ್ಷವರ್ಷವೂ ಹಬ್ಬವಾಗಿ ಆಚರಿಸುವ ಧರ್ಮವದು. ದಾಸರ ಮಕ್ಕಳಿಗೆ ಅದರಲ್ಲಿ ಸ್ಥಾನವಿಲ್ಲವೆಂದರೆ ಹೇಗೆ? ಅವರು ಗಾಂಧೀಜಿಯವರ ಸತ್ಯಾಗ್ರಹವನ್ನು ಸಿನೆಗಾಗ್‌ನೊಳಕ್ಕೆ ಕೊಂಡೊಯ್ದರು. ಕಾಲಕ್ರಮದಲ್ಲಿ ನಿರ್ಬಂಧಗಳು ಕಳಚಿದವು. ಯೆಹೂದಿ ಗಾಂಧಿಯೆಂಬ ಹೆಸರು ಅವರಿಗೆ ನಿಂತಿತು.

ಕೊಚ್ಚಿ ಶಾಸನಸಭೆಯಲ್ಲಿ 1925ರಿಂದ 1931ರವರೆಗೂ, ಪುನಃ 1939ರಿಂದ 1945ರವರೆಗೂ ಅವರು ಸದಸ್ಯರಾಗಿದ್ದರು. ಕಾರ್ಮಿಕರ ಸಂಘಟನೆಗೂ ರಾಷ್ಟ್ರೀಯ ಚಳವಳಿಗೂ ದುಡಿದರು. ತಮ್ಮ ಜನರು ಇಸ್ರೇಲಿಗೆ ಹೋಗಿ ನೆಲೆಸಲು ನೆರವಾದರು. ತಾವು ಮಾತ್ರ ಕೊಚ್ಚಿಯಲ್ಲಿಯೇ ಉಳಿದು 1967ರಲ್ಲಿ ತೀರಿಕೊಂಡರು.

ಅನ್ಯಾಯ ಮಾಡಿದವರಿಗೆ ಧರ್ಮವನ್ನು ಬಿಟ್ಟುಕೊಟ್ಟು ಹೊರನಡೆಯುವುದು ಸುಲಭ. ನೋವುಂಡ ಮನೆಯಲ್ಲಿಯೇ ದೀಪ ಹಚ್ಚುವುದು ಕಷ್ಟ. ಪರಸ್ಥಳದಲ್ಲಿ ದುಡಿದು ಬಾಳುವ ನಾವು ಈ ಎರಡನೆಯ ದಾರಿ ಹಿಡಿದವರನ್ನು ನೆನೆಯುವುದು ಲೇಸು.