ತಪ್ಪಿಗೊಂದು ಕಪ್ಪು ಚುಕ್ಕೆ

ಹೊಸ ವರ್ಷಕ್ಕೋ ಯುಗಾದಿಗೋ ನಾವೆಲ್ಲ ಒಂದಷ್ಟು ತೀರ್ಮಾನ ಮಾಡಿಕೊಳ್ಳುತ್ತೇವೆ. ನಾಳೆಯಿಂದ ಐದಕ್ಕೇ ಏಳಬೇಕು, ವಾಕಿಂಗ್ ಹೋಗಬೇಕು, ಮಕ್ಕಳ ಮೇಲೆ ರೇಗಬಾರದು, ಮೊಬೈಲ್ ಹಿಡಿದು ಕೂರಬಾರದು. ಎಲ್ಲವೂ ಒಟ್ಟಿಗೇ ಶುರು. ನಾಲ್ಕನೇ ದಿನಕ್ಕೆ ಮನೆಗೆ ನೆಂಟರು, ಇಲ್ಲಾಂದ್ರೆ ಮಗುವಿಗೆ ಜ್ವರ. ಅಲ್ಲಿಗೆ ಮುಗಿಯಿತು. ನನ್ನ ಕೈಲಿ ಏನೂ ಆಗಲ್ಲ ಅಂತ ನಮ್ಮನ್ನು ನಾವೇ ಬೈದುಕೊಂಡು ಸುಮ್ಮನಾಗುತ್ತೇವೆ. ನಿಮಗೂ ಹೀಗೇ ಆಗಿದ್ದರೆ ಬೆಂಜಮಿನ್ ಫ್ರಾಂಕ್ಲಿನ್‌ನ ಕತೆ ಸ್ವಲ್ಪ ಕೇಳಿ. ಮಿಂಚಿನಲ್ಲಿರುವುದು ವಿದ್ಯುತ್ತು ಎಂದು ತೋರಿಸಲು 1752ರಲ್ಲಿ ಗಾಳಿಪಟ ಹಾರಿಸಿದನಲ್ಲ, ಅವನೇ. ಅಮೆರಿಕದ ನೂರು ಡಾಲರ್ ನೋಟಿನ ಮೇಲಿರುವುದೂ ಅವನ ಮುಖವೇ.

1706ರ ಜನವರಿ 17ರಂದು ಬಾಸ್ಟನ್‌ನಲ್ಲಿ ಹುಟ್ಟಿದ ಈತ ಮೇಣದಬತ್ತಿ, ಸಾಬೂನು ಮಾಡುವವನ ಮಗ. ಅಪ್ಪನಿಗೆ ಒಟ್ಟು 17 ಮಕ್ಕಳು. ಶಾಲೆ ಕಂಡದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣನ ಪ್ರೆಸ್ಸಿನಲ್ಲಿ ಕೆಲಸ ಕಲಿಯಲು ಸೇರಿದ. ಅಣ್ಣನ ಹೊಡೆತ ತಾಳದೆ 17ನೇ ವಯಸ್ಸಿಗೆ ಓಡಿಹೋದ. 1723ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದಿಳಿದಾಗ ಮೈಮೇಲೆ ಕೊಳಕು ಬಟ್ಟೆ. ಎರಡೂ ಕಂಕುಳಲ್ಲಿ ಒಂದೊಂದು ಬ್ರೆಡ್ಡು ಸಿಕ್ಕಿಸಿಕೊಂಡು, ಮೂರನೆಯದನ್ನು ತಿನ್ನುತ್ತಾ ಬೀದಿಯಲ್ಲಿ ಹೊರಟಿದ್ದ. ಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳಿಗೆ ಈ ಅವತಾರ ನೋಡಿ ವಿಚಿತ್ರ ಎನಿಸಿತು. ಅವಳೇ ಡೆಬೊರಾ ರೀಡ್. 1730ರಲ್ಲಿ ಇಬ್ಬರೂ ಸಂಸಾರ ಹೂಡಿದರು. ಈಕೆಯ ಹೆಸರು ನೆನಪಿರಲಿ, ಮತ್ತೆ ಬರುತ್ತಾಳೆ.

ಇಪ್ಪತ್ತರ ಹರೆಯದಲ್ಲೇ ಫ್ರಾಂಕ್ಲಿನ್‌ಗೆ ಒಂದು ಹುಚ್ಚು ಹಿಡಿಯಿತು. ತಾನು ಒಂದೂ ತಪ್ಪು ಮಾಡದ ಮನುಷ್ಯನಾಗಬೇಕು! ಶುರು ಮಾಡಿದ ಸ್ವಲ್ಪ ದಿನಕ್ಕೇ ಕಷ್ಟ ಗೊತ್ತಾಯಿತು. ಒಂದು ಕೆಟ್ಟ ಅಭ್ಯಾಸದ ಮೇಲೆ ಕಣ್ಣಿಟ್ಟರೆ ಇನ್ನೊಂದು ಹಿಂದಿನ ಬಾಗಿಲಿಂದ ಬರುತ್ತಿತ್ತು. ಆಗ ಆತ ಕೈಬಿಡಲಿಲ್ಲ, ದಾರಿ ಬದಲಿಸಿದ. ತನಗೆ ಬೇಕಾದ ಗುಣಗಳನ್ನು ಪಟ್ಟಿ ಮಾಡಿ ಒಂದು ಸಲಕ್ಕೆ ಒಂದನ್ನು ಮಾತ್ರ ಹಿಡಿದ. ಮೊದಲನೆಯದು ತಿನ್ನುವುದು ಕುಡಿಯುವುದರಲ್ಲಿ ಮಿತಿ. ಹೊಟ್ಟೆ ಹಗುರವಿದ್ದರೆ ತಲೆ ಚುರುಕಾಗಿರುತ್ತದೆ, ಉಳಿದವನ್ನು ಗಮನಿಸಲು ತಲೆಯೇ ಬೇಕು ಎನ್ನುವುದು ಅವನ ಲೆಕ್ಕಾಚಾರ. ಎರಡನೆಯದು ಬೇಡದ ಮಾತು ಬಿಡುವುದು. ಮೂರನೆಯದು ಅಚ್ಚುಕಟ್ಟುತನ. ಪಟ್ಟಿಯಲ್ಲಿ ದುಂದು ಮಾಡದಿರುವುದಿತ್ತು, ಶುಚಿತ್ವವಿತ್ತು, ಚಿಕ್ಕಪುಟ್ಟದ್ದಕ್ಕೆಲ್ಲ ಮನಸ್ಸು ಕದಡಿಕೊಳ್ಳದಿರುವುದೂ ಇತ್ತು. ಮೊದಲು ಇದ್ದದ್ದು 12. ನಿನಗೆ ಜಂಭ ಜಾಸ್ತಿ ಎಂದು ಸ್ನೇಹಿತನೊಬ್ಬ ಹೇಳಿದ ಮೇಲೆ 13ನೆಯದಾಗಿ ವಿನಯ ಸೇರಿತು. ಇಂಥ ಸ್ನೇಹಿತರು ಎಲ್ಲರಿಗೂ ಇರಬೇಕು ನೋಡಿ.

ಒಂದು ಪುಟ್ಟ ಪುಸ್ತಕ ಮಾಡಿಕೊಂಡ. ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಗೆರೆ, ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ 13 ಗುಣ. ರಾತ್ರಿ ಕೂತು ಆ ದಿನ ತಪ್ಪಿದ್ದಕ್ಕೆಲ್ಲ ಒಂದೊಂದು ಕಪ್ಪು ಚುಕ್ಕೆ ಇಡುತ್ತಿದ್ದ. ಒಂದು ವಾರ ಒಂದೇ ಗುಣದ ಮೇಲೆ ನಿಗಾ, ಆ ಸಾಲು ಖಾಲಿ ಉಳಿಯಬೇಕು. ಉಳಿದವು ಎಂದಿನಂತೆ ನಡೆಯಲಿ. ಮುಂದಿನ ವಾರ ಎರಡನೆಯದು. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಇಡೀ ತೋಟದ ಕಳೆಯನ್ನು ಒಂದೇ ದಿನ ಕೀಳಲು ಹೋಗಬಾರದು, ಒಂದೊಂದೇ ಪಾತಿ ಮುಗಿಸಬೇಕು ಎಂಬ ಧೋರಣೆ ಅವನದು.

ಫಲ ಏನಾಯಿತು ಗೊತ್ತೇ? ತಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ತಪ್ಪು ತನ್ನಲ್ಲಿದೆ ಎಂದು ತಿಳಿಯಿತು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆ ಕೆರೆದು ಕೆರೆದು ಪುಸ್ತಕ ತೂತು ಬಿತ್ತು. ಆಮೇಲೆ ದಂತದ ಹಾಳೆಯ ಮೇಲೆ ಗೆರೆ ಹಾಕಿಸಿ, ಒದ್ದೆ ಸ್ಪಂಜಿನಿಂದ ಒರೆಸಿಕೊಳ್ಳತೊಡಗಿದ. ಅಚ್ಚುಕಟ್ಟುತನವಂತೂ ಅವನಿಗೆ ಕೊನೆಗೂ ಒಲಿಯಲಿಲ್ಲ. ಕಾಗದಪತ್ರ ಎಲ್ಲೆಂದರಲ್ಲಿ. ಜ್ಞಾಪಕಶಕ್ತಿ ಚೆನ್ನಾಗಿದ್ದರಿಂದ ಹೇಗೋ ನಡೆದುಹೋಗಿತ್ತು, ವಯಸ್ಸಾದ ಮೇಲೆ ಪೇಚಾಡಿದ. ಅದಕ್ಕೆ ಒಂದು ಕತೆ ಹೇಳುತ್ತಿದ್ದ. ಒಬ್ಬ ತನ್ನ ಕೊಡಲಿಯ ಅಂಚಿನಂತೆ ಇಡೀ ಕೊಡಲಿಯೇ ಫಳಫಳ ಹೊಳೆಯಬೇಕೆಂದು ಕಮ್ಮಾರನ ಬಳಿ ಹೋದನಂತೆ. ಆಗಲಿ, ನೀನು ಸಾಣೆಕಲ್ಲು ತಿರುಗಿಸು ಎಂದ ಕಮ್ಮಾರ. ತಿರುಗಿಸಿ ತಿರುಗಿಸಿ ಸುಸ್ತಾದ ಆಸಾಮಿ, ಚುಕ್ಕೆ ಚುಕ್ಕೆ ಇರುವ ಕೊಡಲಿಯೇ ಚೆಂದ ಎಂದು ಮನೆಗೆ ಹೊತ್ತೊಯ್ದ. ತನ್ನ ಸ್ಥಿತಿಯೂ ಅಷ್ಟೇ ಎಂದು ಫ್ರಾಂಕ್ಲಿನ್ ತನ್ನನ್ನೇ ನಗೆಯಾಡಿಕೊಂಡ. ಆದರೂ ಪ್ರಯತ್ನಪಟ್ಟಿದ್ದರಿಂದ ಮೊದಲಿಗಿಂತ ಸುಖವಾಗಿದ್ದೇನೆ ಎಂದೇ 1784ರಲ್ಲಿ, 78ನೇ ವಯಸ್ಸಿನಲ್ಲಿ ಬರೆದುಕೊಂಡ.

ಅವನ ದಿನಚರಿಯೂ ಪ್ರಸಿದ್ಧ. ಬೆಳಗ್ಗೆ ಐದಕ್ಕೆ ಎದ್ದು, ಇವತ್ತು ಏನು ಒಳ್ಳೆಯದು ಮಾಡಲಿ ಎಂದು ತನ್ನನ್ನೇ ಕೇಳಿಕೊಳ್ಳುವುದು. ಎಂಟರಿಂದ ಹನ್ನೆರಡು ಕೆಲಸ. ಆಮೇಲೆ ಎರಡು ಗಂಟೆ ಓದು, ಲೆಕ್ಕಪತ್ರ, ಊಟ. ಮತ್ತೆ ಆರರವರೆಗೆ ಕೆಲಸ. ಸಂಜೆ ಸಾಮಾನನ್ನು ಜಾಗದಲ್ಲಿಡುವುದು, ಊಟ, ಸಂಗೀತ, ಹರಟೆ, ಇವತ್ತು ಏನು ಮಾಡಿದೆ ಎಂಬ ಪ್ರಶ್ನೆ. ಹತ್ತಕ್ಕೆ ನಿದ್ದೆ.

ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಆ ಊಟ ಮಾಡಿಡುತ್ತಿದ್ದವರು ಯಾರು ಎಂಬ ಪ್ರಶ್ನೆ. ನಿಮಗೂ ಹೊಳೆದಿರಬೇಕು!

ಡೆಬೊರಾ ಮನೆ ನೋಡಿಕೊಳ್ಳುವುದರ ಜೊತೆಗೆ ಪ್ರೆಸ್ಸಿನ ಹಾಳೆ ಮಡಚಿ ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಕೂರುತ್ತಿದ್ದಳು, ಕಾಗದ ಮಾಡುವವರಿಗೆಂದು ಹಳೇ ಬಟ್ಟೆ ಕೊಳ್ಳುತ್ತಿದ್ದಳು. ಗಂಡ ಎರಡು ಪೆನ್ನಿಯ ಮಣ್ಣಿನ ಬೋಗುಣಿಯಲ್ಲಿ ಹಾಲು ಬ್ರೆಡ್ಡು ತಿನ್ನುತ್ತಿದ್ದ. ಒಂದು ದಿನ ಆಕೆ 23 ಷಿಲಿಂಗ್ ಕೊಟ್ಟು ಪಿಂಗಾಣಿ ಬೋಗುಣಿ, ಬೆಳ್ಳಿ ಚಮಚ ತಂದಿಟ್ಟಳು. ಅಕ್ಕಪಕ್ಕದವರಿಗಿಂತ ತನ್ನ ಗಂಡ ಕಡಿಮೆಯೇ ಅಂತ ಅವಳ ವಾದ. 1736ರಲ್ಲಿ ನಾಲ್ಕು ವರ್ಷದ ಮಗ ಸಿಡುಬಿನಿಂದ ತೀರಿಕೊಂಡ ದುಃಖವನ್ನೂ ಇಬ್ಬರೂ ನುಂಗಿಕೊಂಡರು. ಹೀಗೆ ಇಬ್ಬರೂ ದುಡಿದದ್ದರಿಂದಲೇ 1748ರಲ್ಲಿ, 42ನೇ ವಯಸ್ಸಿಗೇ ಫ್ರಾಂಕ್ಲಿನ್ ಪ್ರೆಸ್ಸಿನ ಕೆಲಸದಿಂದ ಬಿಡುವು ಪಡೆದ. ವಿಜ್ಞಾನ, ರಾಜಕೀಯಕ್ಕೆ ಹೆಚ್ಚು ಸಮಯ ಸಿಕ್ಕಿದ್ದು ಆಮೇಲೆ.

1757ರಲ್ಲಿ ಆತ ಲಂಡನ್ನಿಗೆ ಹೋದ. ಹಡಗಿಗೆ ಹೆದರಿ ಡೆಬೊರಾ ಹೋಗಲಿಲ್ಲ. 1762ರಲ್ಲಿ ಬಂದವನು 1764ರಲ್ಲಿ ಮತ್ತೆ ಹೊರಟ. ಹೊಸ ಮನೆ ಕಟ್ಟಿಸಿ ಮುಗಿಸಿದ್ದು ಆಕೆಯೇ. 1765ರಲ್ಲಿ ಸ್ಟಾಂಪ್ ತೆರಿಗೆಯ ಗಲಾಟೆಯಲ್ಲಿ ಜನ ಮನೆಗೆ ನುಗ್ಗುವ ಬೆದರಿಕೆ ಬಂದಾಗ, ಮಗಳನ್ನು ಬೇರೆ ಊರಿಗೆ ಕಳಿಸಿ, ಬಂದೂಕು ತರಿಸಿಟ್ಟುಕೊಂಡು ತಾನು ಅಲ್ಲೇ ಉಳಿದಳು. ಗಂಡ ಬರಲಿ ಎಂದು ಕಾದು ಕಾದು, ಪಾರ್ಶ್ವವಾಯುವಿನಿಂದ ಕುಗ್ಗಿ, 1774ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. ಆತ ವಾಪಸಾದದ್ದು 1775ರ ಮೇ ತಿಂಗಳಲ್ಲಿ. ಹತ್ತು ವರ್ಷದಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. 13 ಗುಣಗಳ ಪಟ್ಟಿಯಲ್ಲಿ ಮನೆಯವರ ಜೊತೆಗಿರುವುದು ಅನ್ನುವ ಸಾಲು ಇರಲಿಲ್ಲ.

ಹಾಗಂತ ಅವನ ಪುಸ್ತಕವನ್ನು ಬಿಸಾಡಬೇಕಿಲ್ಲ. ಉಪಾಯ ನಿಜಕ್ಕೂ ಒಳ್ಳೆಯದು, ನಮಗೆ ಬೇಕಾದ ಹಾಗೆ ಬದಲಿಸಿಕೊಂಡರಾಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದ ಮೂಲೆಯಲ್ಲಿ ಚುಕ್ಕೆ ಇಡಿ. ವಾರಕ್ಕೆ ಒಂದೇ ವಿಷಯ, ಅದೂ ಚಿಕ್ಕದು. ಊಟಕ್ಕೆ ಕೂತಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅಥವಾ ಮಲಗುವ ಮೊದಲು ಹತ್ತು ಪುಟ ಓದು. ಚುಕ್ಕೆ ಜಾಸ್ತಿ ಬಿದ್ದರೆ ಬೇಜಾರು ಬೇಡ, ಫ್ರಾಂಕ್ಲಿನ್‌ನ ಪುಸ್ತಕ ತೂತೇ ಬಿದ್ದಿತ್ತು.

ಇನ್ನೊಂದು ಮಾತು. ಅವನಿಗೆ ಬೆಳಗ್ಗೆ ಕೂತು ಯೋಚಿಸಲು ಸಿಗುತ್ತಿದ್ದ ಹೊತ್ತು ನಮಗೆ ತಾನಾಗಿ ಸಿಗಲ್ಲ, ಕೇಳಿ ಪಡೆಯಬೇಕು. ಆ ಅರ್ಧ ಗಂಟೆ ತಿಂಡಿ ಡಬ್ಬಿ ಯಾರು ತುಂಬುತ್ತಾರೆ, ಗೀಸರ್ ಯಾರು ಹಾಕುತ್ತಾರೆ, ಬಾಗಿಲಿಗೆ ಬಂದವರನ್ನು ಯಾರು ಮಾತಾಡಿಸುತ್ತಾರೆ ಎಂದು ಭಾನುವಾರ ರಾತ್ರಿಯೇ ಎಲ್ಲರನ್ನೂ ಕೂರಿಸಿಕೊಂಡು ನಿಶ್ಚಯ ಮಾಡಿಕೊಳ್ಳಿ. ಅವರ ಹೆಸರನ್ನೂ ಕ್ಯಾಲೆಂಡರಿನ ಅದೇ ವಾರದ ಪಕ್ಕದಲ್ಲಿ ಬರೆದಿಡಿ. ಮರೆತವರ ಹೆಸರಿನ ಮುಂದೆಯೂ ಒಂದು ಚುಕ್ಕೆ ಬೀಳಲಿ.