ಆರ್ಸ್ ಬಿಡಲಾಗದ ಗುರು

ಪ್ರತಿ ವರ್ಷ ಆಗಸ್ಟ್ 4ರಂದು ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಸಣ್ಣ ಸಂಭ್ರಮ ನಡೆಯುತ್ತದೆ. ಬಲಿಪೂಜೆ ಮುಗಿದ ಮೇಲೆ ಮಕ್ಕಳು ಹೂಗುಚ್ಛ ನೀಡಿ ಗುರುಗಳಿಗೆ ಶುಭ ಕೋರುತ್ತಾರೆ. ಹಿರಿಯರೊಬ್ಬರು ನಾಲ್ಕು ಒಳ್ಳೆಯ ಮಾತುಗಳನ್ನಾಡುತ್ತಾರೆ. ಅಂದು ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ಆ ಹೂಗುಚ್ಛ ಕೈ ಸೇರಿದಾಗ ನಮ್ಮ ಮನದಲ್ಲಿ ಸಂತೋಷದೊಂದಿಗೆ ಸಂಕೋಚವೂ ಮೂಡುತ್ತದೆ. ಯಾರ ಹೆಸರಿನಲ್ಲಿ ನಮಗೆ ಈ ಗೌರವ ಸಲ್ಲುತ್ತಿದೆಯೋ ಆ ಮಹನೀಯರು ತಾವು ಆ ಸೇವೆಗೆ ಯೋಗ್ಯರೆಂದು ಕೊನೆಯವರೆಗೂ ನಂಬಲಿಲ್ಲ. ತಮ್ಮ ಧರ್ಮಕೇಂದ್ರವನ್ನು ತೊರೆದು ಹೋಗಲು ಅವರು ಒಂದಲ್ಲ, ಹಲವು ಬಾರಿ ಯತ್ನಿಸಿದರು. ಆದರೂ 41 ವರ್ಷ ಅಲ್ಲಿಯೇ ಉಳಿದು, ಅಲ್ಲಿಯೇ ಕಣ್ಮುಚ್ಚಿದರು.

ವಿಯಾನ್ನಿಯವರು 1786ರ ಮೇ 8ರಂದು ಫ್ರಾನ್ಸ್ ದೇಶದ ಲಿಯೋನ್ ನಗರದ ಸಮೀಪದ ದಾರ್ದಿಯಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಅವರಿಗೆ ಮೂರು ವರ್ಷವಾದಾಗ ಫ್ರೆಂಚ್ ಮಹಾಕ್ರಾಂತಿ ಆರಂಭವಾಯಿತು. ಕ್ರಾಂತಿಯ ಸರ್ಕಾರ ಹೇರಿದ ಪ್ರಮಾಣವನ್ನು ಸ್ವೀಕರಿಸಲೊಪ್ಪದ ಗುರುಗಳು ಬಡಗಿಯಾಗಿ, ಅಡುಗೆಯವರಾಗಿ ವೇಷ ಮರೆಸಿಕೊಂಡು ಊರೂರು ಸುತ್ತುತ್ತಾ ಗುಟ್ಟಾಗಿ ಬಲಿಪೂಜೆ ಅರ್ಪಿಸುತ್ತಿದ್ದರು. ಸಿಕ್ಕಿಬಿದ್ದರೆ ಮರಣದಂಡನೆ ಕಾದಿತ್ತು. 1799ರಲ್ಲಿ, ತಮ್ಮ 13ನೆಯ ವಯಸ್ಸಿನಲ್ಲಿ, ಬಾಲಕ ವಿಯಾನ್ನಿ ಎಕುಲಿ ಎಂಬ ಊರಿನ ಮನೆಯೊಂದರಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದರು. ಮೇಣದ ಬತ್ತಿಯ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗಳ ಮುಂದೆ ಹುಲ್ಲು ತುಂಬಿದ ಗಾಡಿಗಳನ್ನು ನಿಲ್ಲಿಸಲಾಗಿತ್ತು. ಪ್ರಾಣವನ್ನೇ ಪಣವಿಟ್ಟು ಮನೆ ಬಾಗಿಲಿಗೆ ಬರುತ್ತಿದ್ದ ಗುರುಗಳನ್ನು ಕಂಡು ಬೆಳೆದ ಆ ಬಾಲಕನ ಎದೆಯಲ್ಲಿ ತಾನೂ ಗುರುವಾಗಬೇಕೆಂಬ ಆಸೆ ಚಿಗುರಿತು.

ಆಸೆಯಿತ್ತು, ಆದರೆ ಅಕ್ಷರಾಭ್ಯಾಸ ತೀರ ಅಲ್ಪ. ಶಾಲೆಗಿಂತ ಹೊಲ, ದನಕರುಗಳ ನಡುವೆಯೇ ಬಾಲ್ಯ ಕಳೆದಿತ್ತು. ಎಕುಲಿಯ ಧರ್ಮಕೇಂದ್ರದ ಗುರುಗಳಾದ ಫಾದರ್ ಬಾಲೆಯವರ ಬಳಿ ಲ್ಯಾಟಿನ್ ಕಲಿಯಲು ಕುಳಿತಾಗ ಅವರಿಗೆ ಸುಮಾರು 20 ವರ್ಷ. ಸಹಪಾಠಿಗಳೋ ಚಿಕ್ಕ ಹುಡುಗರು. ಈ ದೊಡ್ಡ ವಿದ್ಯಾರ್ಥಿಯ ಮಂದಗತಿಯನ್ನು ಸಹಿಸಲಾಗದೆ ಆ ಹುಡುಗರಲ್ಲೊಬ್ಬ ಒಮ್ಮೆ ಅವರಿಗೆ ಹೊಡೆದೇಬಿಟ್ಟನು. ವಿಯಾನ್ನಿಯವರು ಆ ಬಾಲಕನ ಮುಂದೆ ಮೊಣಕಾಲೂರಿ ತಾವೇ ಕ್ಷಮೆ ಬೇಡಿದರು. ಹುಡುಗ ಅಳುತ್ತಾ ಅವರ ಕೊರಳಿಗೆ ಜೋತುಬಿದ್ದನು. ಮುಂದೆ ಅಮೆರಿಕದ ಡುಬುಕ್ ಧರ್ಮಪ್ರಾಂತ್ಯದ ಪ್ರಥಮ ಧರ್ಮಾಧ್ಯಕ್ಷರಾದ ಮಥಿಯಾಸ್ ಲೋರಾಸ್‌ರವರೇ ಆ ಬಾಲಕ.

1809ರಲ್ಲಿ ಮತ್ತೊಂದು ಸಂಕಷ್ಟ ಎದುರಾಯಿತು. ನೆಪೋಲಿಯನ್ ಸ್ಪೇನ್ ದೇಶದಲ್ಲಿ ನಡೆಸುತ್ತಿದ್ದ ಯುದ್ಧಕ್ಕೆ ಸೈನಿಕರು ಬೇಕಾಗಿದ್ದರು. ಕರೆ ಬಂದ ಬೆನ್ನಲ್ಲೇ ಕಾಯಿಲೆ ಬಿದ್ದ ವಿಯಾನ್ನಿಯವರು ಆಸ್ಪತ್ರೆಯಿಂದ ಹೊರಬಂದಾಗ ಅವರ ದಳ ಮುಂದೆ ಸಾಗಿತ್ತು. ದಾರಿಯಲ್ಲಿ ಸಿಕ್ಕ ಅಪರಿಚಿತನೊಬ್ಬನ ಹಿಂದೆ ನಡೆದು ಅವರು ಗುಡ್ಡಗಾಡಿನ ಹಳ್ಳಿಯೊಂದನ್ನು ಸೇರಿದರು. ಅಲ್ಲಿ ಬೇರೆ ಹೆಸರಿನಲ್ಲಿ, ಪೊಲೀಸರ ಕಣ್ಣು ತಪ್ಪಿಸಿ, ಮಕ್ಕಳಿಗೆ ಪಾಠ ಹೇಳುತ್ತಾ ಸುಮಾರು 14 ತಿಂಗಳು ಅಡಗಿದ್ದರು. 1810ರಲ್ಲಿ ನೆಪೋಲಿಯನ್ ಸೈನ್ಯ ಬಿಟ್ಟವರಿಗೆ ಕ್ಷಮಾದಾನ ಘೋಷಿಸಿದನು. ಅಣ್ಣನ ಬದಲಿಗೆ ತಮ್ಮ ಸೈನ್ಯಕ್ಕೆ ಹೊರಟನು, ಮರಳಿ ಬರಲಿಲ್ಲ. ಮಗನಿಗಾಗಿ ಕಾದಿದ್ದ ತಾಯಿ 1811ರಲ್ಲಿ ತೀರಿಕೊಂಡರು. ಸಂತರ ಜೀವನವನ್ನು ಬರೆಯುವವರು ಈ ಅಧ್ಯಾಯವನ್ನು ಅವಸರದಿಂದ ದಾಟಿಬಿಡುವುದುಂಟು. ಅದರ ಭಾರವನ್ನು ಹೊತ್ತೇ ಅವರು ಗುರುಮಠದ ಮೆಟ್ಟಿಲೇರಿದರು ಎಂಬುದನ್ನು ನಾವು ಮರೆಯಲಾಗದು.

1812ರಲ್ಲಿ ತತ್ವಶಾಸ್ತ್ರದ ವ್ಯಾಸಂಗ ಆರಂಭವಾಯಿತು. ಅಂದಿನ ಪಾಠಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಅರ್ಥವಾಗದವರನ್ನು ಪ್ರತ್ಯೇಕವಾಗಿ ಕೂರಿಸಿ ಫ್ರೆಂಚ್ ಭಾಷೆಯಲ್ಲಿ ಕಲಿಸುತ್ತಿದ್ದರು, ಆ ಗುಂಪಿನಲ್ಲಿ ಇವರೂ ಒಬ್ಬರು. ಮರುವರ್ಷ ಲಿಯೋನ್ ನಗರದ ಹಿರಿಯ ಗುರುಮಠ ಸೇರಿದರು, ಆದರೆ ಕೆಲವೇ ತಿಂಗಳುಗಳಲ್ಲಿ ಅವರನ್ನು ಮನೆಗೆ ಕಳುಹಿಸಲಾಯಿತು. ನಾವು ತತ್ವಶಾಸ್ತ್ರ ಕಲಿಯುತ್ತಿದ್ದ ದಿನಗಳಲ್ಲಿ ಅರಿಸ್ಟಾಟಲ್, ಸಂತ ಥಾಮಸ್ ಅಕ್ವಿನಾಸ್‌ರವರ ಸೂತ್ರಗಳನ್ನು ಒಪ್ಪಿಸಿ ಉತ್ತಮ ಅಂಕ ಪಡೆದಾಗ ಬೀಗಿದ್ದುಂಟು. ಆ ಪರೀಕ್ಷಾ ಕೋಣೆಯಲ್ಲಿ ಪ್ರಶ್ನೆಯೇ ಅರ್ಥವಾಗದೆ ತಲೆತಗ್ಗಿಸಿ ನಿಂತ 27 ವರ್ಷದ ರೈತಪುತ್ರನನ್ನು ನೆನೆದರೆ ಇಂದು ಆ ಅಂಕಗಳು ಬಹಳ ಹಗುರವಾಗಿ ಕಾಣುತ್ತವೆ.

ಫಾದರ್ ಬಾಲೆಯವರು ಮಾತ್ರ ಶಿಷ್ಯನ ಕೈಬಿಡಲಿಲ್ಲ. ತಾವೇ ಪಾಠ ಹೇಳಿದರು, ಮೇಲಧಿಕಾರಿಗಳಲ್ಲಿ ಅಂಗಲಾಚಿದರು. ಈ ಯುವಕ ಭಕ್ತಿವಂತನೇ, ಜಪಸರ ಹೇಳುತ್ತಾನೆಯೇ ಎಂದು ವಿಚಾರಿಸಿದ ಅಧಿಕಾರಿಗಳು, ಉಳಿದುದನ್ನು ದೇವರ ಕೃಪೆ ಪೂರೈಸಲಿ ಎಂದು ಒಪ್ಪಿಗೆ ನೀಡಿದರು. 1815ರ ಆಗಸ್ಟ್ 13ರಂದು ಗ್ರೆನೋಬಲ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಲಿಯೋನ್‌ನಿಂದ ಸುಮಾರು 100 ಕಿಲೋಮೀಟರ್ ದೂರವನ್ನು ಅವರು ಒಬ್ಬರೇ ಕಾಲ್ನಡಿಗೆಯಲ್ಲಿ ಕ್ರಮಿಸಿದ್ದರು. ಬಂಧುಗಳಾರೂ ಜೊತೆಗಿರಲಿಲ್ಲ. ಎಕುಲಿಯಲ್ಲಿ ಸಹಾಯಕ ಗುರುವಾಗಿ ನೇಮಕಗೊಂಡರೂ ಪಾಪನಿವೇದನೆ ಆಲಿಸುವ ಅಧಿಕಾರವನ್ನು ಅವರಿಗೆ ತಕ್ಷಣ ಕೊಡಲಿಲ್ಲ. ಮುಂದೆ ಇಡೀ ಫ್ರಾನ್ಸ್ ಯಾರ ಪಾಪನಿವೇದನಾ ಪೀಠದ ಮುಂದೆ ಸಾಲುಗಟ್ಟಿ ನಿಂತಿತೋ ಅವರೇ ಇವರು! ಕೆಲವು ತಿಂಗಳ ನಂತರ ಅಧಿಕಾರ ದೊರೆತಾಗ ಮೊದಲು ಅವರ ಬಳಿ ಬಂದು ಮೊಣಕಾಲೂರಿದವರು ಗುರು ಬಾಲೆಯವರೇ.

1817ರ ಕೊನೆಯಲ್ಲಿ ಬಾಲೆಯವರು ನಿಧನರಾದರು. 1818ರ ಫೆಬ್ರವರಿಯಲ್ಲಿ ವಿಯಾನ್ನಿಯವರನ್ನು ಆರ್ಸ್ ಎಂಬ ಹಳ್ಳಿಗೆ ಕಳುಹಿಸಲಾಯಿತು. ಸುಮಾರು 230 ಜನರಿದ್ದ ಊರು. ದಟ್ಟವಾದ ಮಂಜಿನಲ್ಲಿ ದಾರಿ ತಪ್ಪಿ, ಕುರಿ ಕಾಯುವ ಹುಡುಗನೊಬ್ಬನನ್ನು ಕೇಳಿ ಊರು ಸೇರಿದರು. ಅಷ್ಟು ಚಿಕ್ಕ ಊರಿಗೆ ನಾಲ್ಕು ಹೆಂಡದಂಗಡಿಗಳು. ಭಾನುವಾರ ದೇವಾಲಯ ಖಾಲಿ, ಹೊಲ ಮತ್ತು ಕುಣಿತದ ಬಯಲು ಭರ್ತಿ. ಹೊಸ ಗುರುಗಳು ನಸುಕಿನಲ್ಲೇ ಎದ್ದು ಪರಮಪ್ರಸಾದದ ಮುಂದೆ ಮೊಣಕಾಲೂರುತ್ತಿದ್ದರು. ಬೇಯಿಸಿದ ಆಲೂಗಡ್ಡೆಯೇ ಅವರ ಊಟ. ಪ್ರಬೋಧನೆಯನ್ನು ರಾತ್ರಿಯೆಲ್ಲ ಬರೆದು ಬಾಯಿಪಾಠ ಮಾಡುತ್ತಿದ್ದರು. ಕೆಲವೊಮ್ಮೆ ನಡುವೆ ಮರೆತು ಮೌನವಾಗಿ ಪೀಠದಿಂದ ಇಳಿದುಬಿಡುತ್ತಿದ್ದರು.

ಮೊದಲ ವರ್ಷಗಳಲ್ಲಿ ಅವರು ಬಹಳ ಕಠಿಣರಾಗಿದ್ದರು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕುಣಿತಕ್ಕೆ ಹೋದವರಿಗೆ ಪಾಪಕ್ಷಮೆಯನ್ನು ತಡೆಹಿಡಿದದ್ದೂ ಉಂಟು. ಊರಿನ ಕೆಲವರು ಅವರ ಮೇಲೆ ಅಪವಾದ ಹೊರಿಸಿದರು, ಬಾಗಿಲಿಗೆ ಹೊಲಸು ಬಳಿದರು. ಅವರು ಬದಲಾದದ್ದು ಈ ವಿರೋಧಕ್ಕೆ ಅಂಜಿ ಅಲ್ಲ. ವರ್ಷಗಟ್ಟಲೆ ಪಾಪಿಗಳ ಕಣ್ಣೀರನ್ನು ಆಲಿಸಿದಂತೆ, ಸಂತ ಆಲ್ಫೋನ್ಸ್ ಲಿಗೋರಿಯವರ ಕರುಣಾಪರವಾದ ನೀತಿಬೋಧೆಯನ್ನು ಅರಿತಂತೆ ಅವರು ಮೃದುವಾದರು. ಲಘುವಾದ ಪ್ರಾಯಶ್ಚಿತ್ತ ವಿಧಿಸಿ, ಉಳಿದುದನ್ನು ಪಾಪಿಯ ಪರವಾಗಿ ತಾವೇ ಉಪವಾಸ ಜಾಗರಣೆಗಳಿಂದ ತೀರಿಸುವುದನ್ನು ರೂಢಿಸಿಕೊಂಡರು. ಓದಿನಲ್ಲಿ ಹಿಂದುಳಿದವರೆಂದು ಹೆಸರಾದ ಈ ಗುರು ಓದುವುದನ್ನು ಎಂದೂ ನಿಲ್ಲಿಸಲಿಲ್ಲ. ಆದ್ದರಿಂದ ಅವರ ಹೆಸರು ಹೇಳಿ ಅಧ್ಯಯನವನ್ನು ಕಡೆಗಣಿಸುವ ಹಕ್ಕು ನಮಗಾರಿಗೂ ಇಲ್ಲ.

1824ರಲ್ಲಿ ಅವರು ಹೆಣ್ಣುಮಕ್ಕಳಿಗಾಗಿ ಉಚಿತ ಶಾಲೆಯೊಂದನ್ನು ತೆರೆದರು. ಅದು ಬಹುಬೇಗ ಅನಾಥ ಬಾಲಿಕೆಯರ ಆಶ್ರಯವಾಯಿತು. ಧರ್ಮಾಧ್ಯಕ್ಷರು ಗೌರವಾರ್ಥವಾಗಿ ಅವರ ಹೆಗಲಿಗೆ ಹೊದಿಸಿದ ಬೆಲೆಬಾಳುವ ಮೇಲುವಸ್ತ್ರವನ್ನು 50 ಫ್ರಾಂಕ್‌ಗಳಿಗೆ ಮಾರಿ ದಾನಕ್ಕೆ ಬಳಸಿದರು. ಅಷ್ಟರಲ್ಲಿ ಆರ್ಸ್ ಒಂದು ಯಾತ್ರಾಸ್ಥಳವೇ ಆಗಿತ್ತು. 1845ರಲ್ಲಿ ಪ್ಯಾರಿಸ್ ಮಹಾದೇವಾಲಯದ ಪ್ರಸಿದ್ಧ ವಾಗ್ಮಿ ಫಾದರ್ ಲಕೋರ್ದೇರ್ ಸಹ ಬಂದು ಈ ಹಳ್ಳಿಯ ಗುರುವಿನ ತೊದಲು ಪ್ರಬೋಧನೆಯನ್ನು ಶ್ರದ್ಧೆಯಿಂದ ಆಲಿಸಿದರು. ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 80,000 ಯಾತ್ರಿಕರು ಬರುತ್ತಿದ್ದರೆಂದು ಅಂದಾಜು. ನಡುರಾತ್ರಿ ಕಳೆಯುತ್ತಲೇ ಎದ್ದು, ಬೇಸಿಗೆಯಲ್ಲಿ ದಿನಕ್ಕೆ 16 ತಾಸುಗಳವರೆಗೆ ಅವರು ಪಾಪನಿವೇದನೆ ಆಲಿಸುತ್ತಿದ್ದರು.

ಇಂತಹವರಿಗೂ ಓಡಿಹೋಗುವ ಆಸೆ ಏಕೆ? ತಾವು ಅಜ್ಞಾನಿ, ಇಷ್ಟು ಆತ್ಮಗಳ ಲೆಕ್ಕವನ್ನು ದೇವರಿಗೆ ಒಪ್ಪಿಸಲಾರೆವು, ಎಲ್ಲಾದರೂ ಏಕಾಂತದಲ್ಲಿ ತಮ್ಮ ಪಾಪಗಳಿಗಾಗಿ ಅಳಬೇಕು ಎಂಬುದು ಅವರ ಅಳಲು. ಕೆಲವು ಗುರುಗಳು ಅವರ ಅಯೋಗ್ಯತೆಯನ್ನು ದೂರಿ ಧರ್ಮಾಧ್ಯಕ್ಷರಿಗೆ ಬರೆದ ಪತ್ರ ಕೈಗೆ ಸಿಕ್ಕಾಗ ಅದಕ್ಕೆ ತಾವೂ ಸಹಿ ಹಾಕಿದರೆಂಬ ಕಥೆಯಿದೆ. 1840ರಲ್ಲಿ ಒಂದು ರಾತ್ರಿ ಹೊರಟು ದಾರಿಯಲ್ಲೇ ಹಿಂದಿರುಗಿದರು. 1843ರಲ್ಲಿ ಹುಟ್ಟೂರಿಗೆ ಹೋದರೆ ಯಾತ್ರಿಕರು ಅಲ್ಲಿಗೂ ಬೆನ್ನಟ್ಟಿ ಬಂದರು. 1853ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ನಡುರಾತ್ರಿ ಹೊರಟಾಗ ಗುಟ್ಟು ರಟ್ಟಾಗಿ ದೇವಾಲಯದ ಗಂಟೆ ಮೊಳಗಿತು. ಜನರು ಲಾಟೀನು ಹಿಡಿದು ಓಡಿಬಂದು ದಾರಿಗಡ್ಡ ನಿಂತರು. ಸಹಾಯಕ ಗುರುಗಳು ಅವರ ಪ್ರಾರ್ಥನಾ ಪುಸ್ತಕವನ್ನೇ ಕಸಿದುಕೊಂಡರು. 67 ವರ್ಷದ ಆ ವೃದ್ಧರು ಮೌನವಾಗಿ ಹಿಂದಿರುಗಿ, ಪಾಪನಿವೇದನಾ ಪೀಠದಲ್ಲಿ ಕುಳಿತರು. ಹೊರಗೆ ಸಾಲು ಕಾದಿತ್ತು.

1859ರ ಆಗಸ್ಟ್ 4ರಂದು, 73ನೆಯ ವಯಸ್ಸಿನಲ್ಲಿ, ಅವರು ಆರ್ಸ್‌ನಲ್ಲಿಯೇ ದೈವಾಧೀನರಾದರು. 1925ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅವರನ್ನು ಸಂತರೆಂದು ಸಾರಿದರು. 1929ರಲ್ಲಿ ಧರ್ಮಕೇಂದ್ರದ ಗುರುಗಳೆಲ್ಲರ ಪಾಲಕರೆಂದು ಘೋಷಿಸಿದರು.

ನಮ್ಮ ಯೋಗ್ಯತೆಯ ಬಗೆಗಿನ ಸಂದೇಹ ತೀರಿದ ಮೇಲೆ ಸೇವೆಗಿಳಿಯೋಣ ಎಂದು ಕಾಯುವವರು ನಾವು. ವಿಯಾನ್ನಿಯವರ ಸಂದೇಹ ತೀರಲೇ ಇಲ್ಲ. ಅದನ್ನು ಹೊತ್ತುಕೊಂಡೇ ಅವರು ಪ್ರತಿದಿನ ತಮ್ಮ ಪೀಠಕ್ಕೆ ಮರಳಿದರು. ಮಕ್ಕಳನ್ನು ಸರಿಯಾಗಿ ಬೆಳೆಸಲಾಗಲಿಲ್ಲವೆಂದು ಕೊರಗುವ ತಾಯಿ, ಹಾಸಿಗೆ ಹಿಡಿದ ಹಿರಿಯರ ಸೇವೆಯಲ್ಲಿ ಬಳಲಿದ ಸೊಸೆ, ಇದು ತನ್ನಿಂದಾಗದೆಂದು ವರ್ಗಾವಣೆ ಬಯಸುವ ಗುರು, ಎಲ್ಲರಿಗೂ ಅವರ ಬದುಕಿನಲ್ಲಿ ಸಾಂತ್ವನವಿದೆ. ಅವರನ್ನು ಆ ರಾತ್ರಿ ಹಿಂದಕ್ಕೆ ಕರೆತಂದವರು ಅವರ ಜನರೇ ಎಂಬುದನ್ನೂ ನೆನೆಯೋಣ. ಗುರುವನ್ನು ಗುರುವಾಗಿ ಉಳಿಸುವುದರಲ್ಲಿ ಧರ್ಮಕೇಂದ್ರದ ಪಾಲೂ ಇದೆ. ಶನಿವಾರ ಸಂಜೆ ಪಾಪನಿವೇದನಾ ಪೀಠದಲ್ಲಿ ಒಂಟಿಯಾಗಿ ಕಾಯುವ ನಿಮ್ಮ ಗುರುಗಳ ಬಳಿಗೆ ಈ ವಾರ ಒಮ್ಮೆ ಹೋಗಿಬನ್ನಿ. ಆಗಸ್ಟ್ 4ರ ಹೂಗುಚ್ಛಕ್ಕಿಂತ ಅದು ಅವರಿಗೆ ಹೆಚ್ಚು ಬೇಕಾದ ಕಾಣಿಕೆ.